ಮುಂದಿನ ಗಾಡಿ, ಹಿಂದಿನ ಗಾಡಿ

ಸೆರಫಿಮ್ ಬೋರ್ಬಾ ಮತ್ತು ಅವನ ಹೆಂಡತಿ ಇದಲೀನಾ ಎಲ್ಲಿಗೆ ಹೊರಟರೂ ಎರಡು ಗಾಡಿಯಲ್ಲಿ ಹೊರಡುತ್ತಿದ್ದರು. ಮುಂದೆ ಅವನ ಪಿಕಪ್ಪು, ಹಿಂದೆ ಅವಳ ಹಳೆಯ ಬ್ಯೂಕ್ ಕಾರು. ಭಾನುವಾರದ ಪೂಜೆಗೂ ಹಾಗೆಯೇ, ಮದುವೆಗೂ ಮಣ್ಣಿಗೂ ಹಾಗೆಯೇ, ಟರ್ಲಾಕಿನ ಅಂಗಡಿಯಿಂದ ಒಂದು ಕಟ್ಟು ಸೊಪ್ಪು ತರಬೇಕಾದರೂ ಹಾಗೆಯೇ. ಒಮ್ಮೆ ಹಿರಿಯರು ಬಿಟ್ಟುಬಂದ, ಸಮುದ್ರದಾಚೆಯ ದ್ವೀಪವನ್ನು ನೋಡಿ ಬರೋಣವೆಂದು ಹೊರಟಾಗ ಸೆರಫಿಮ್ ಒಂದು ವಿಮಾನದಲ್ಲಿ ಹೋದ, ಇದಲೀನಾ ಮರುದಿನದ ವಿಮಾನದಲ್ಲಿ ಹೋದಳು. ಅವನು ಅಲ್ಲಿ ಅತ್ತೆಯ ಮನೆಯ ಕಟ್ಟೆಯ ಮೇಲೆ ಒಂದು ಇಡೀ ದಿನ ಬಾಯಿಗೆ ತುತ್ತಿಡದೆ ಕೂತಿದ್ದನಂತೆ.

ಹಿಲ್ಮಾರಿನ ಜನ ಇದನ್ನು ಆಡಿಕೊಳ್ಳುವುದು ಬಿಟ್ಟು ಎಷ್ಟೋ ಕಾಲವಾಗಿತ್ತು. ಊರಿಗೆ ಹೊಸಬರು ಯಾರಾದರೂ ಬಂದು, ಗಂಡಹೆಂಡಿರಿಗೆ ಮಾತುಕತೆ ಇಲ್ಲವೇ ಎಂದು ಕೇಳಿದರೆ ಹಳಬರು ನಕ್ಕುಬಿಡುತ್ತಿದ್ದರು. ಮಾತುಕತೆಗೆ ಬರವಿರಲಿಲ್ಲ. ತಿರುವು ಬಂದಾಗಲೆಲ್ಲ ಸೆರಫಿಮ್ ಬ್ರೇಕನ್ನು ಎರಡು ಸಲ ಮುಟ್ಟುತ್ತಿದ್ದ, ಪಿಕಪ್ಪಿನ ಕೆಂಪು ದೀಪ ಎರಡು ಸಲ ಮಿನುಗುತ್ತಿತ್ತು. ಹಿಂದೆ ಬರ್ತಿದ್ದೀಯಾ ಎಂದು ಅವನು ಕೇಳಿದ ಹಾಗೆ. ಇದಲೀನಾ ಹೆಡ್‌ಲೈಟನ್ನು ಒಮ್ಮೆ ಮಿಣುಕಿಸುತ್ತಿದ್ದಳು. ಬರ್ತಿದ್ದೀನಿ ಎಂದ ಹಾಗೆ. ಗಂಡನ ಬೆನ್ನನ್ನು ಇಷ್ಟು ವರ್ಷ ಇಷ್ಟು ಶ್ರದ್ಧೆಯಿಂದ ನೋಡಿದ ಹೆಂಗಸು ಆ ಕಣಿವೆಯಲ್ಲಿ ಇನ್ನೊಬ್ಬಳಿರಲಿಲ್ಲ.

ಕಾರಣ ಎಲ್ಲರಿಗೂ ಗೊತ್ತಿತ್ತು. ಸೆರಫಿಮ್‌ಗೆ ಒಂಬತ್ತು ವರ್ಷವಾಗಿದ್ದಾಗ ಚಳಿಗಾಲದ ಮಂಜಿನಲ್ಲಿ ಅಪ್ಪ ಅಮ್ಮ ಇಬ್ಬರೂ ಒಂದೇ ಗಾಡಿಯಲ್ಲಿ ಸತ್ತಿದ್ದರು. ವಿಲ್ ಇರಲಿಲ್ಲ. ಜಮೀನು, ಹಸು, ಮನೆ ಎಲ್ಲ ಪ್ರೊಬೇಟ್ ಎಂದು, ಸತ್ತವರ ಆಸ್ತಿ ಹಂಚುವ ಕೋರ್ಟಿನ ಬಾಯಿಗೆ ಬಿತ್ತು. ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಅನ್ನುತ್ತಾರೆ. ಅಲ್ಲಂತೂ ಗೆದ್ದವರೇ ಇರಲಿಲ್ಲ. ವಕೀಲರ ಖರ್ಚಿಗೆ ಹಸು ಹೋದವು, ತೆರಿಗೆಗೆ ಜಮೀನು ಹೋಯಿತು, ಹುಡುಗ ಚಿಕ್ಕಮ್ಮನ ಮನೆಯ ಅಟ್ಟದಲ್ಲಿ ಬೆಳೆದ. ಬೆಳೆದ ಮೇಲೆ ಅವನು ಮಾಡಿಕೊಂಡ ಆಸ್ತಿ ವಿಲೇವಾರಿ ಇಷ್ಟೇ: ಮಕ್ಕಳಿರುವ ಗಂಡಹೆಂಡಿರು ಒಂದೇ ಗಾಡಿ ಹತ್ತಬಾರದು. ಒಬ್ಬರು ಹೋದರೂ ಒಬ್ಬರು ಉಳಿಯುತ್ತಾರೆ, ಕೋರ್ಟು ಒಳಗೆ ಬರುವುದಿಲ್ಲ.

ಇದಲೀನಾಗೆ ತಾವಿಬ್ಬರೂ ಕೊನೆಯದಾಗಿ ಜೊತೆಯಲ್ಲಿ ಕೂತು ಹೋದದ್ದು ಚೆನ್ನಾಗಿ ನೆನಪಿತ್ತು. ಮಗಳು ಲಿಯೊನೋರ್ ಹುಟ್ಟುವ ದಿನ, ಹೆರಿಗೆ ನೋವು ಶುರುವಾಗಿ, ಅವನು ಒಂದು ಕೈಯಲ್ಲಿ ಸ್ಟಿಯರಿಂಗ್ ಹಿಡಿದು ಇನ್ನೊಂದು ಕೈಯನ್ನು ಅವಳ ಕೈಗೆ ಕೊಟ್ಟಿದ್ದ. ಅವಳು ಹಿಂಡಿದ ಹಿಂಡಿಗೆ ಅವನ ಬೆರಳು ಒಂದು ವಾರ ಊದಿಕೊಂಡಿತ್ತು. ಆಸ್ಪತ್ರೆಗೆ ಹೋಗುವಾಗ ಒಂದು ಗಾಡಿ, ಮಗುವನ್ನು ಕರೆದುಕೊಂಡು ಬರುವಾಗ ಎರಡು. ಆಮೇಲೆ ಮಗ ದೆಲ್ಫಿಮ್ ಹುಟ್ಟಿದ, ಹೈನು ಬಿಟ್ಟು ಬಾದಾಮಿ ತೋಟ ಮಾಡಿದರು, ಮಕ್ಕಳಿಗೂ ಮಕ್ಕಳಾದವು. ಗಾಡಿ ಎರಡೇ ಉಳಿದವು. ಪಿಕಪ್ಪಿನಲ್ಲಿ ಅವನ ಪಕ್ಕದ ಸೀಟು ಪಿಮೆಂತಾ ಎಂಬ ನಾಯಿಗೆ ಖಾಯಂ ಆಯಿತು.

ಈಗ ಕಣ್ಣಿನ ಡಾಕ್ಟರು ಕೈ ಎತ್ತಿಬಿಟ್ಟಿದ್ದರು. ಇದಲೀನಾಳ ಕಣ್ಣಿನ ನಡುಭಾಗ ಮಸುಕಾಗುತ್ತಿತ್ತು. ಈ ಚಳಿಗಾಲ ಮುಗಿದರೆ ಲೈಸೆನ್ಸು ಮುಗಿಯುತ್ತದೆ, ಹೊಸದು ಸಿಗುವುದಿಲ್ಲ, ಸಿಕ್ಕರೂ ಓಡಿಸಬಾರದು.

ಮನೆಗೆ ಬಂದು ಅವಳು ಸೊಪ್ಪಿನ ಸಾರು ಬಡಿಸಿ, ಜೋಳದ ರೊಟ್ಟಿ ಮುರಿದಿಟ್ಟು, ವಿಷಯ ಹೇಳಿದಳು. ಸೆರಫಿಮ್ ಸ್ವಲ್ಪ ಹೊತ್ತು ಚಮಚ ಅಲ್ಲಾಡಿಸಿದ.

"ಅದಕ್ಕೇನಂತೆ. ಲಿಯೊನೋರ್ ಬ್ಯೂಕ್ ಓಡಿಸ್ತಾಳೆ. ನೀನು ಅವಳ ಜೊತೆ ಕೂತ್ಕೊ. ನಾನು ಮುಂದೆ ಹೋಗ್ತಿರ್ತೀನಿ."

"ಅವಳಿಗೆ ಮನೆ ಇಲ್ವಾ, ಗಂಡ ಇಲ್ವಾ?"

"ಹಾಗಾದ್ರೆ ನಿನ್ನ ಗೆಳತಿ ಜುಲ್ಮೀರಾ."

"ಜುಲ್ಮೀರಾ ಓಡಿಸಿದ್ರೆ ನಾನು ಮಂಜಿಗೆ ಕಾಯ್ಬೇಕಾಗಿಲ್ಲ, ಬಿಸಿಲಲ್ಲೇ ಸಾಯ್ತೀನಿ," ಎಂದಳು ಇದಲೀನಾ. "ನಿನ್ನ ಪಕ್ಕದಲ್ಲಿ ಒಂದು ಸೀಟಿದೆ ಮಾರಾಯ. ಅದರಲ್ಲಿ ಕೂರೋಕೆ ನಾನು ನಾಯಿಯಾಗಿ ಹುಟ್ಟಬೇಕಿತ್ತಾ?"

ಪಿಮೆಂತಾ ಮೇಜಿನ ಕೆಳಗಿನಿಂದ ತಲೆ ಎತ್ತಿತು. ಸೆರಫಿಮ್ ಅದಕ್ಕೊಂದು ಚೂರು ರೊಟ್ಟಿ ಹಾಕಿದ. ಅವನು ಒಳ್ಳೆಯ ಮನುಷ್ಯ, ಆದರೆ ಹಠಕ್ಕೆ ಬಿದ್ದರೆ ಹಿಡಿದ ಮೊಲಕ್ಕೆ ಮೂರೇ ಕಾಲು. ಇದಲೀನಾ ಆ ದಿನ ಜಗಳವಾಡಲಿಲ್ಲ. ಪಾತ್ರೆ ತೊಳೆಯುತ್ತಾ ನಿಂತಾಗ ಮಾತ್ರ ಅವಳಿಗೆ ಅಳು ಬಂತು. ಉಳಿದ ಆಯುಸ್ಸೆಲ್ಲ ಬೇರೆಯವರ ಗಾಡಿಯಲ್ಲಿ ಕೂತು, ಕಾಣಿಸದ ಕಣ್ಣಿನಲ್ಲಿ, ಅವನ ಕೆಂಪು ದೀಪವನ್ನು ಹುಡುಕುತ್ತಾ ಹೋಗಬೇಕು ಎನ್ನುವುದನ್ನು ಅವಳಿಗೆ ಸಹಿಸಲಾಗಲಿಲ್ಲ.

ದಾರಿ ತೋರಿಸಿದವಳು ಜುಲ್ಮೀರಾಳೇ. ಲಿಯೊನೋರಳ ಜ್ಞಾನಸ್ನಾನದಲ್ಲಿ ತಾಯಿಸ್ಥಾನದಲ್ಲಿ ನಿಂತವಳು, ಆವತ್ತಿನಿಂದ ಈ ಮನೆಯ ಎಲ್ಲ ವಿಷಯದಲ್ಲೂ ಬಾಯಿ ಹಾಕುವ ಹಕ್ಕು ಪಡೆದವಳು. ಚರ್ಚಿನ ಅಡುಗೆಮನೆಯಲ್ಲಿ ಹಬ್ಬದ ಸಿಹಿ ರೊಟ್ಟಿಗೆ ಹಿಟ್ಟು ನಾದುತ್ತಾ ಅವಳು ಎಲ್ಲ ಕೇಳಿಸಿಕೊಂಡಳು.

"ನಿನ್ನ ಗಂಡನಿಗೆ ಸಾವಿನ ಭಯ ಇಲ್ಲ ಕಣೇ, ಕೋರ್ಟಿನ ಭಯ. ಕೋರ್ಟನ್ನ ತೆಗೆದುಹಾಕು, ಆಮೇಲೆ ನೋಡು. ನಾನೂ ನನ್ನ ಗಂಡನೂ ಟ್ರಸ್ಟ್ ಮಾಡಿಸಿಲ್ವಾ? ಬೆತೆಂಕೂರ್ ಮಗಳು ಅಡ್ರಿಯಾನಾ ಇದಾಳಲ್ಲ, ಲಾಯರ್ರು, ಅವಳ ಹತ್ರ ಹೋಗು. ತೆರಿಗೆನೂ ಕಮ್ಮಿ, ಕೋರ್ಟೂ ಇಲ್ಲ."

"ಅವನು ಬರ್ತಾನಾ?"

"ತೆರಿಗೆ ಕಮ್ಮಿ ಆಗುತ್ತೆ ಅನ್ನು. ಓಡ್ಕೊಂಡು ಬರ್ತಾನೆ."

ಓಡಿಕೊಂಡು ಬರಲಿಲ್ಲ, ಆದರೆ ಬಂದ. ಎರಡು ಗಾಡಿಯಲ್ಲಿ ಬಂದರು.

ಅಡ್ರಿಯಾನಾಳ ಅಪ್ಪ ಹಿಂದೆ ಸೆರಫಿಮ್‌ನ ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದವನು. ಐವತ್ತು ವರ್ಷದ ಹೆಂಗಸಾದರೂ ಅವಳು ಇವರನ್ನು ಈಗಲೂ ತೀಯೊ, ತೀಯಾ ಎಂದೇ ಕರೆಯುತ್ತಿದ್ದಳು. ನಮ್ಮಲ್ಲಿ ಹಿರಿಯರೆಲ್ಲ ಒಂದು ರೀತಿಯಲ್ಲಿ ಚಿಕ್ಕಪ್ಪ ಚಿಕ್ಕಮ್ಮಂದಿರೇ. ಕಾಫಿ ಕೊಟ್ಟು, ಹಳೆಯ ಜಮೀನು ಪತ್ರವನ್ನು ಮೇಜಿನ ಮೇಲೆ ಹರಡಿದಳು.

"ತೀಯೊ, ಇಲ್ಲಿ ನಿಮ್ಮಿಬ್ಬರ ಹೆಸರು ಬರೀ ಜಂಟಿ ಅಂತಿದೆ. ಒಬ್ಬರು ಹೋದ್ರೆ ಅರ್ಧ ತೋಟಕ್ಕೆ ಮಾತ್ರ ಆವತ್ತಿನ ಬೆಲೆ ಹಿಡೀತಾರೆ. ಇನ್ನರ್ಧಕ್ಕೆ ನೀವು ಕೊಂಡಾಗಿನ ಬೆಲೆನೇ. ಆಮೇಲೆ ಮಾರಿದ್ರೆ ಲಾಭ ಜಾಸ್ತಿ ಕಾಣುತ್ತೆ, ತೆರಿಗೆ ಜಾಸ್ತಿ ಬೀಳುತ್ತೆ. ಅದನ್ನೇ ಗಂಡ ಹೆಂಡ್ತಿ ಕೂಡಿ ದುಡಿದ ಆಸ್ತಿ ಅಂತ ಬರೆದು ಟ್ರಸ್ಟಿಗೆ ಸೇರಿಸಿದ್ರೆ ಇಡೀ ತೋಟಕ್ಕೂ ಹೊಸ ಬೆಲೆ."

"ಅದೇ ಮಣ್ಣು, ಅದೇ ಗಂಡ, ಅದೇ ಹೆಂಡ್ತಿ," ಎಂದ ಸೆರಫಿಮ್. "ಒಂದು ಪದ ಬದಲಾದ್ರೆ ತೆರಿಗೆ ಬದಲಾಗುತ್ತಾ?"

"ಬದಲಾಗುತ್ತೆ."

"ಸರ್ಕಾರಕ್ಕೆ ತಲೆ ಕೆಟ್ಟಿದೆ."

"ಕೆಟ್ಟಿರೋದಕ್ಕೇ ನಮ್ಮ ಹೊಟ್ಟೆ ತುಂಬೋದು, ತೀಯೊ."

ಅವನಿಗೆ ನಗು ಬಂತು. ಇದಲೀನಾ ಉಸಿರು ಬಿಟ್ಟಳು. ಅಡ್ರಿಯಾನಾ ಟ್ರಸ್ಟ್ ಎಂದರೆ ಏನೆಂದು ಬಿಡಿಸಿ ಹೇಳಿದಳು. ಅದೊಂದು ಪೆಟ್ಟಿಗೆ ಇದ್ದ ಹಾಗೆ, ಬದುಕಿರುವವರೆಗೂ ಬೀಗದಕೈ ಇಬ್ಬರ ಹತ್ತಿರವೇ. ಒಬ್ಬರು ಹೋದರೆ ಇನ್ನೊಬ್ಬರ ಹತ್ತಿರ. ಇಬ್ಬರೂ ಹೋದರೆ ಲಿಯೊನೋರ್ ಬೀಗ ತೆಗೆದು ತಮ್ಮನಿಗೂ ತನಗೂ ಹಂಚುತ್ತಾಳೆ. ಜಡ್ಜಿನ ಅಪ್ಪಣೆ ಬೇಕಾಗಿಲ್ಲ. ಎಷ್ಟೋ ಜನ ಪೆಟ್ಟಿಗೆ ಮಾಡಿಸಿ, ಜಮೀನನ್ನು ಅದರೊಳಗೆ ಹಾಕುವುದನ್ನೇ ಮರೆಯುತ್ತಾರಂತೆ. ಹಾಗೆ ಆಗದಂತೆ ಪತ್ರವನ್ನು ತಾನೇ ನೋಂದಾಯಿಸುವುದಾಗಿ ಹೇಳಿದಳು. ಸೆರಫಿಮ್ ತಲೆದೂಗಿದ. ಎಲ್ಲ ಹಾಲು ಸಕ್ಕರೆಯಂತೆ ಬೆರೆಯುತ್ತಿತ್ತು.

"ಇನ್ನೊಂದೇ ಒಂದು," ಎಂದಳು ಅಡ್ರಿಯಾನಾ, ಕನ್ನಡಕ ಸರಿಮಾಡಿಕೊಳ್ಳುತ್ತಾ. "ಎಲ್ಲರನ್ನೂ ಕೇಳ್ತೀವಿ, ತಪ್ಪು ತಿಳೀಬೇಡಿ. ಇಬ್ಬರೂ ಒಂದೇ ಸಲ ಹೋದ್ರಿ ಅನ್ನಿ, ಅಪಘಾತದಲ್ಲೋ ಏನೋ. ಯಾರು ಮೊದಲು ಹೋದ್ರು, ಯಾರು ಆಮೇಲೆ ಅಂತ ಗೊತ್ತಾಗಲ್ಲ. ಆಗ ಯಾರು ಮೊದಲು ಅಂತ ಬರ್ಕೊಳ್ಳಲಿ?"

ಸೆರಫಿಮ್ ಎದ್ದ. ಕಾಫಿ ಕುಡಿದು ಮುಗಿದಿರಲಿಲ್ಲ. ಟೋಪಿ ತೆಗೆದುಕೊಂಡ, ಹಾಕಿಕೊಳ್ಳಲು ಹೋಗಿ ಕೈಯಲ್ಲೇ ಹಿಡಿದುಕೊಂಡ. ಬಾಗಿಲು ತೆಗೆದು ಹೊರಗೆ ಹೋಗಿಬಿಟ್ಟ.

"ನಾನೇನಾದ್ರೂ ತಪ್ಪು ಅಂದೆನಾ ತೀಯಾ?" ಎಂದಳು ಅಡ್ರಿಯಾನಾ, ಮುಖ ಸಣ್ಣದು ಮಾಡಿಕೊಂಡು.

"ಗೊತ್ತಿಲ್ಲ ಮಗಳೇ," ಎಂದು ಇದಲೀನಾ ಅವನ ಹಿಂದೆ ಹೋದಳು. ಹಿಂದೆ ಹೋಗುವುದು ಅವಳಿಗೆ ಹೊಸದೇನಲ್ಲ.

ಪಿಕಪ್ಪು ಅಂಗಳದಲ್ಲಿ ನಿಂತಿತ್ತು. ಅವನು ಸ್ಟಿಯರಿಂಗ್ ಹಿಡಿದುಕೊಂಡು ಕೂತಿದ್ದ, ಎಂಜಿನ್ ಶುರು ಮಾಡಿರಲಿಲ್ಲ. ಇದಲೀನಾ ಪಕ್ಕದ ಬಾಗಿಲು ತೆಗೆದಳು.

"ನಿಂತಿರೋ ಗಾಡಿಗೆ ನಿನ್ನ ಕಾನೂನಿಲ್ಲ ತಾನೇ?" ಎಂದು ನಾಯಿಯನ್ನು ಸರಿಸಿ ಹತ್ತಿ ಕೂತಳು. ಪಿಮೆಂತಾ ಅವಳ ತೊಡೆಯ ಮೇಲೆ ಮಲಗಿತು. ಸೀಟಿನ ತುಂಬ ಕೂದಲು.

ಅವಳು ಕಾದಳು. ದನ ಸಾಕಿದ ಮನುಷ್ಯನನ್ನು ಅವಸರ ಮಾಡಿದರೆ ಹಾಲು ಇಳಿಯುವುದಿಲ್ಲ ಎನ್ನುವುದು ಅವಳಿಗೆ ಗೊತ್ತಿತ್ತು.

"ನನ್ನನ್ನ ಅದನ್ನೇ ಕೇಳಿದ್ದರು," ಎಂದ ಸೆರಫಿಮ್ ಕೊನೆಗೆ.

"ಯಾರು?"

"ಕೋರ್ಟಲ್ಲಿ. ಆ ಗಾಡೀಲಿ ನಾನೂ ಇದ್ದೆ, ಇದಲೀನಾ. ಹಿಂದಿನ ಸೀಟಲ್ಲಿ."

ಇಷ್ಟು ವರ್ಷದ ಸಂಸಾರದಲ್ಲಿ ಇದಲೀನಾ ಈ ಮಾತು ಕೇಳಿರಲಿಲ್ಲ. ಆ ಕೋರ್ಟು ಕಂಡಿದ್ದ ಹಿರಿಯರು ತೀರಿಹೋಗಿದ್ದರು, ಉಳಿದವರೆಲ್ಲ ಅವನು ಆವತ್ತು ಚಿಕ್ಕಮ್ಮನ ಮನೆಯಲ್ಲಿದ್ದ ಎಂದೇ ತಿಳಿದಿದ್ದರು. ಅವಳ ಕೈ ನಾಯಿಯ ಬೆನ್ನ ಮೇಲೆ ನಿಂತಿತು.

"ಗಾಡಿ ಕಾಲುವೆ ದಂಡೆಯಿಂದ ಕೆಳಗೆ ಉರುಳಿತ್ತು. ನನಗೇನೂ ಆಗಿರಲಿಲ್ಲ. ಮಂಜಲ್ಲಿ ಏನೂ ಕಾಣಿಸ್ತಿರಲಿಲ್ಲ, ಮುಂದಿನ ಸೀಟೂ ಕಾಣಿಸ್ತಿರಲಿಲ್ಲ. ಅಪ್ಪ ಕೇಳಿದ, ಇದ್ದೀಯಾ? ಅಮ್ಮ ಅಂದಳು, ಇದ್ದೀನಿ. ಸ್ವಲ್ಪ ಹೊತ್ತಾದ ಮೇಲೆ ಅಮ್ಮ ಕೇಳಿದಳು, ಇದ್ದೀಯಾ? ಅಪ್ಪ ಅಂದ, ಇದ್ದೀನಿ. ಹೀಗೇ ಕೇಳ್ತಾ ಇದ್ದರು. ನನ್ನನ್ನೂ ಕೇಳಿದರು, ನಾನೂ ಇದ್ದೀನಿ ಅಂದೆ. ಆಮೇಲೆ ನನಗೆ ನಿದ್ದೆ ಬಂತು. ಚಳಿ. ಚಿಕ್ಕ ಹುಡುಗ. ನಿದ್ದೆ ಮಾಡಿಬಿಟ್ಟೆ. ಎದ್ದಾಗ ಯಾರೂ ಕೇಳ್ತಿರಲಿಲ್ಲ."

ಇದಲೀನಾ ಅವನ ಕೈಯನ್ನು ಸ್ಟಿಯರಿಂಗಿನಿಂದ ಬಿಡಿಸಿ ತನ್ನ ಕೈಯೊಳಗೆ ಇಟ್ಟುಕೊಂಡಳು.

"ಅಮ್ಮ ಆಮೇಲೆ ಹೋಗಿದ್ರೆ ಜಮೀನು ಪೂರ್ತಿ ನನಗೆ. ಅಂದ್ರೆ ನನ್ನನ್ನ ಸಾಕ್ತೀವಿ ಅಂತಿದ್ದ ಸೋದರಮಾವಂದಿರ ಕೈಗೆ. ಅಪ್ಪ ಆಮೇಲೆ ಹೋಗಿದ್ರೆ ಅಪ್ಪನ ಮೊದಲನೇ ಹೆಂಡ್ತಿ ಮಕ್ಕಳಿಗೂ ಪಾಲು. ಅದಕ್ಕೇ ಎರಡೂ ಕಡೆ ಲಾಯರ್ರು ನನ್ನನ್ನ ನಿಲ್ಲಿಸಿ ಕೇಳಿದ್ದು. ಕೊನೇಗೆ ಯಾರ ದನಿ ಕೇಳಿಸ್ತು? ಗೊತ್ತಿಲ್ಲ ಅಂದೆ. ನೆನಪು ಮಾಡ್ಕೊ ಅಂದರು. ಮಾವ ಬಂದು ಅಮ್ಮಂದು ಅಲ್ವಾ ಅನ್ನೋನು, ಆ ಕಡೆ ಅಣ್ಣ ಬಂದು ಅಪ್ಪಂದು ಅಲ್ವಾ ಅನ್ನೋನು. ಒಬ್ಬರೂ ಅವರು ಏನು ಮಾತಾಡ್ಕೊಂಡ್ರು ಅಂತ ಕೇಳಲಿಲ್ಲ. ಯಾರದ್ದು ಕೊನೇದು, ಅಷ್ಟೇ ಬೇಕಾಗಿತ್ತು. ನಾನು ಎಚ್ಚರ ಇದ್ದಿದ್ರೆ ಹೇಳ್ತಿದ್ದೆ."

ಇದಲೀನಾಗೆ ಆಗ ತಿರುವುಗಳೆಲ್ಲ ನೆನಪಾದವು. ಎರಡು ಸಲ ಮಿನುಗುವ ಕೆಂಪು ದೀಪ. ಅವಳು ತನಗೆ ತಿಳಿಯದೆಯೇ ಇಷ್ಟು ವರ್ಷ ಉತ್ತರ ಕೊಡುತ್ತಾ ಬಂದಿದ್ದಳು. ಅವನ ಮೇಲೆ ಅವಳಿಗೆ ಎಂಥ ಪ್ರೀತಿ ಉಕ್ಕಿತೆಂದರೆ, ಇಷ್ಟು ದಿನ ಹೇಳದೆ ಮುಚ್ಚಿಟ್ಟಿದ್ದಕ್ಕೆ ಬೈಯಬೇಕೆಂದುಕೊಂಡದ್ದು ಮರೆತೇ ಹೋಯಿತು.

"ನಿನ್ನ ತಪ್ಪೇನೂ ಇಲ್ಲ, ಸೆರಫಿಮ್. ಮಗು ನಿದ್ದೆ ಮಾಡಿದ್ದು ಅವರಿಗೆ ಸಮಾಧಾನವೇ ಆಗಿರುತ್ತೆ. ತಾಯಿಯಾದವಳು ನಾನು, ನನಗೆ ಗೊತ್ತು."

ಅವನು ಅತ್ತ. ಪಿಮೆಂತಾ ಗಾಬರಿಯಾಗಿ ಅವನ ಮೊಣಕೈ ನೆಕ್ಕಿತು. ಬೀದಿಯಲ್ಲಿ ಯಾರೋ ಹೋಗುತ್ತಿದ್ದವರು ಕೈಬೀಸಿದರು, ಇದಲೀನಾ ಇಬ್ಬರ ಪರವಾಗಿಯೂ ಕೈಬೀಸಿದಳು.

"ಈಗ ಒಂದು ಮಾತು ಹೇಳು," ಎಂದಳು, ಅವನು ಮೂಗು ಒರೆಸಿಕೊಂಡ ಮೇಲೆ. "ನಾವು ಇದನ್ನ ಬರೆದಿಡದೆ ಹೋದ್ರೆ, ಹಾಗೇನಾದ್ರೂ ಆದ್ರೆ, ಈ ಪ್ರಶ್ನೆನ ಯಾರನ್ನ ಕೇಳ್ತಾರೆ?"

"ಹಾಗಾಗಬಾರದು ಅಂತಲೇ ಎರಡು ಗಾಡಿ."

"ಗಾಡಿ ಎರಡು ಸರಿ. ಮಲಗೋದು ಒಂದೇ ಮಂಚದಲ್ಲಿ ಅಲ್ವಾ? ಮನೆಗೆ ಬೆಂಕಿ ಬಿದ್ರೆ?"

"ಅದನ್ನೂ ಯೋಚಿಸಿದ್ದೆ," ಎಂದ ಸೆರಫಿಮ್, ತಲೆ ತಗ್ಗಿಸಿ. "ಬೇರೆ ಮಲಗೋಕೆ ಮನಸ್ಸು ಬರಲಿಲ್ಲ."

ಇದಲೀನಾಗೆ ನಗುವೂ ಬಂತು, ಅಳುವೂ ಬಂತು. "ಆಗ ಲಿಯೊನೋರ್‌ನ ನಿಲ್ಲಿಸಿ ಕೇಳ್ತಾರೆ, ದೆಲ್ಫಿಮ್‌ನ ಕೇಳ್ತಾರೆ. ಮೊಮ್ಮಕ್ಕಳನ್ನೂ ಬಿಡಲ್ಲ. ನಾವೇ ಉತ್ತರ ಬರೆದಿಟ್ಟುಬಿಟ್ರೆ ಯಾರನ್ನೂ ಕೇಳೋ ಹಾಗಿಲ್ಲ. ಆ ಹುಡುಗಿ ಕೇಳ್ತಿರೋದು ಅದಕ್ಕೇ."

ಸೆರಫಿಮ್ ಅವಳ ಮುಖ ನೋಡಿದ. ಈ ಪ್ರಶ್ನೆಗೆ ಎರಡು ಮುಖವಿರಬಹುದೆಂದು ಅವನಿಗೆ ಈ ಎಲ್ಲ ವರ್ಷಗಳಲ್ಲಿ ಒಮ್ಮೆಯೂ ಹೊಳೆದಿರಲಿಲ್ಲ. ಆಮೇಲೆ ಟೋಪಿ ಹಾಕಿಕೊಂಡು ಇಳಿದ.

ಅಡ್ರಿಯಾನಾ ತಣ್ಣಗಾದ ಕಾಫಿಯನ್ನು ಚೆಲ್ಲಿ ಹೊಸದು ತಂದಿಟ್ಟಿದ್ದಳು. ಏನೂ ಕೇಳಲಿಲ್ಲ, ಒಳ್ಳೆಯ ಹುಡುಗಿ.

"ಬರ್ಕೊ," ಎಂದ ಸೆರಫಿಮ್. "ನಾನು ಮೊದಲು ಹೋದೆ ಅಂತ."

"ಅದ್ಯಾಕೆ?" ಎಂದಳು ಇದಲೀನಾ. "ಲಿಯೊನೋರ್ ಹುಟ್ಟಿದಾಗಿನಿಂದ ನೀನು ಮುಂದೆ, ನಾನು ಹಿಂದೆ. ಸಾಯೋದ್ರಲ್ಲೂ ನಾನೇ ಹಿಂದೆನಾ? ನಾನು ಮೊದಲು ಅಂತ ಬರಿ ಮಗಳೇ."

"ಅವಳ ಮಾತು ಕೇಳ್ಬೇಡ. ನಾನು ಮೊದಲು."

"ಈ ಮನುಷ್ಯನಿಗೆ ಒಂದು ದಿನ ಅನ್ನ ಬೇಯಿಸ್ಕೊಳ್ಳೋಕೆ ಬರಲ್ಲ, ನನ್ನನ್ನ ಬಿಟ್ಟು ಮುಂದೆ ಹೋಗ್ತಾನಂತೆ."

ಅಡ್ರಿಯಾನಾ ಪೆನ್ನು ಕೆಳಗಿಟ್ಟಳು. "ತೀಯೊ, ತೀಯಾ, ಇಬ್ಬರೂ ಕೇಳಿ. ಇನ್ನೊಂದು ರೀತಿ ಬರೀಬಹುದು. ತೀಯೊ ಅರ್ಧಕ್ಕೆ, ತೀಯೊ ಆಮೇಲೆ ಹೋದ್ರು ಅಂತ. ತೀಯಾ ಅರ್ಧಕ್ಕೆ, ತೀಯಾ ಆಮೇಲೆ ಹೋದ್ರು ಅಂತ. ಯಾರು ಮೊದಲು ಅನ್ನೋ ಪ್ರಶ್ನೆನೇ ಬರಲ್ಲ. ನೇರವಾಗಿ ಮಕ್ಕಳಿಗೆ ಹೋಗುತ್ತೆ."

ಸೆರಫಿಮ್ ಇದನ್ನು ನಿಧಾನವಾಗಿ ಮನಸ್ಸಿನಲ್ಲಿ ಅರಗಿಸಿಕೊಂಡ. "ಅಂದ್ರೆ ಕಾಗದದಲ್ಲಿ ಇಬ್ಬರೂ ಉಳ್ಕೊಳ್ತೀವಿ."

"ಹೌದು. ಇಬ್ಬರೂ ಉಳ್ಕೊಳ್ತೀರಿ."

"ಇದು ಆವಾಗಲೂ ಇತ್ತಾ? ನಮ್ಮ ಅಪ್ಪ ಅಮ್ಮನ ಕಾಲದಲ್ಲಿ?"

"ಬರೆಸಿದ್ರೆ ಆಗ್ತಿತ್ತು ತೀಯೊ. ಬರೆಸೋದು ಅವರಿಗೆ ಗೊತ್ತಿರಲಿಲ್ಲ."

ಅವನು ತಲೆಯಾಡಿಸಿದ. ಅಪ್ಪನ ಮೇಲೆ ಅವನಿಗೆ ಸಿಟ್ಟಿತ್ತೋ ಇಲ್ಲವೋ ಇದಲೀನಾ ಎಂದೂ ಕೇಳಿರಲಿಲ್ಲ. ಇದ್ದದ್ದಾದರೆ ಅದು ಈಗ ಹೋಯಿತೆಂದು ಅವಳಿಗೆ ಅನ್ನಿಸಿತು. "ಹಾಗೇ ಬರ್ಕೊ," ಎಂದ.

ಸಹಿಯ ದಿನ ಗೊತ್ತಾಗುವ ಹೊತ್ತಿಗೆ ಬಾದಾಮಿ ಮರಗಳೆಲ್ಲ ಎಲೆ ಉದುರಿಸಿ ನಿಂತಿದ್ದವು. ಆವತ್ತು ಬೆಳಿಗ್ಗೆ ಮಂಜು ನೆಲಕ್ಕೆ ಅಂಟಿಕೊಂಡಿತ್ತು. ಸೆರಫಿಮ್ ಕಿಟಕಿಯಿಂದ ನೋಡಿ, ಇನ್ನೊಂದು ದಿನ ಹೋಗೋಣ ಎನ್ನಲು ಬಾಯಿ ತೆರೆದ. ಇದಲೀನಾ ಆಗಲೇ ಭಾನುವಾರದ ಕೋಟು ಹಾಕಿಕೊಂಡು, ಕಿವಿಗೆ ಅಮ್ಮ ಕೊಟ್ಟ ಚಿನ್ನದ ರಿಂಗು ಸಿಕ್ಕಿಸಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಅವನು ಬಾಯಿ ಮುಚ್ಚಿದ. ಎರಡು ಗಾಡಿಯಲ್ಲಿ ಹೊರಟರು. ಇಡೀ ದಾರಿ ಅವನು ಎತ್ತಿನ ಗಾಡಿಯ ವೇಗದಲ್ಲಿ ಹೋದ, ಮತ್ತೆ ಮತ್ತೆ ಬ್ರೇಕು ಮುಟ್ಟಿದ. ಆ ಕೆಂಪು ಚುಕ್ಕೆಗಳು ಅವಳ ಕಣ್ಣಿಗೆ ಬರಿ ಕಲೆಗಳಾಗಿ ಕಂಡವು. ಆದರೂ ಪ್ರತಿ ಸಲವೂ ದೀಪ ಮಿಣುಕಿಸಿದಳು. ಇದೇ ಕೊನೆ ಎಂದು ಅವಳು ಮನಸ್ಸಿನಲ್ಲಿ ನಿಶ್ಚಯಿಸಿದ್ದಳು.

ನೋಟರಿಯ ಮುಂದೆ ಇಬ್ಬರೂ ಸಹಿ ಹಾಕಿದರು. ಜಮೀನಿನ ಪತ್ರಕ್ಕೆ ಹೆಬ್ಬೆಟ್ಟೂ ಒತ್ತಬೇಕಾಗಿತ್ತು. ಹಾಲು ಕರೆದು ಕರೆದು ಸೆರಫಿಮ್‌ನ ಹೆಬ್ಬೆರಳಿನ ಗೆರೆ ಸವೆದಿತ್ತು, ಮತ್ತೊಮ್ಮೆ ಒತ್ತಿ ಎಂದರು. "ಹಸುಗಳ ಹತ್ರ ಬಿಟ್ಟು ಬಂದಿದ್ದೀನಿ," ಎಂದ ಅವನು. ಎಲ್ಲರೂ ನಕ್ಕರು. ಅಡ್ರಿಯಾನಾ ಇಬ್ಬರ ಕೆನ್ನೆಗೂ ಮುತ್ತಿಟ್ಟು ಕಳುಹಿಸಿದಳು.

ಹೊರಗೆ ಮಂಜು ಇನ್ನೂ ಎದ್ದಿರಲಿಲ್ಲ. ಇದಲೀನಾ ಬ್ಯೂಕಿನ ಹತ್ತಿರ ಹೋದಳು, ಚಕ್ರದ ಮೇಲಿನ ಅಂಚನ್ನು ಒಮ್ಮೆ ಸವರಿದಳು, ಕೀಲಿಯನ್ನು ಕೈಚೀಲದೊಳಗೆ ಹಾಕಿಕೊಂಡಳು. ಕಾರನ್ನು ಲಿಯೊನೋರ್ ಸಂಜೆ ತೆಗೆದುಕೊಂಡು ಹೋಗುತ್ತಾಳೆ. ಆಮೇಲೆ ಪಿಕಪ್ಪಿನ ಕಡೆ ನಡೆದಳು.

ಸೆರಫಿಮ್ ಪಕ್ಕದ ಬಾಗಿಲನ್ನು ಆಗಲೇ ತೆಗೆದು ಹಿಡಿದು ನಿಂತಿದ್ದ. ಸೀಟಿನ ಮೇಲೆ ಒಂದೂ ಕೂದಲಿರಲಿಲ್ಲ. ಒಗೆದ ದುಪ್ಪಟಿಯೊಂದನ್ನು ಮಡಿಸಿ ಹಾಸಿದ್ದ. ಯಾವಾಗ ಮಾಡಿದನೋ, ಅವಳಿಗೆ ತಿಳಿದಿರಲಿಲ್ಲ. ಪಿಮೆಂತಾ ಹಿಂದಿನ ಸೀಟಿನಲ್ಲಿ ಮುಖ ತಿರುಗಿಸಿಕೊಂಡು ಕೂತಿತ್ತು.

"ಅದಕ್ಕೆ ಬೇಜಾರಾಗಿದೆ," ಎಂದ ಸೆರಫಿಮ್.

"ಆಗಲಿ. ನನಗೂ ಇಷ್ಟು ವರ್ಷ ಆಗಿತ್ತು."

ಬೆಲ್ಟು ಬಿಗಿಯಾಗಿತ್ತು, ಅವನೇ ಎಳೆದು ಸಿಕ್ಕಿಸಿದ. ಆಮೇಲೆ ತಾನೂ ಹತ್ತಿ ಕೂತು ಸ್ಟಿಯರಿಂಗ್ ಹಿಡಿದ. ಗಾಡಿ ಹೊರಟಿತು. ಊರಿನ ಕೊನೆಯ ಅಂಗಡಿ ದಾಟಿತು. ಅವನು ಅಭ್ಯಾಸದಿಂದ ಹಿಂದಿನ ಕನ್ನಡಿಯನ್ನೇ ನೋಡುತ್ತಿದ್ದ. ಅಲ್ಲಿ ಬರಿ ಬಿಳುಪು, ಮತ್ತು ಕೋಪಿಸಿಕೊಂಡ ಒಂದು ನಾಯಿ. ಪಕ್ಕದಿಂದ ನೋಡಿದರೆ ಅವನ ಮೂಗು ತಾನು ತಿಳಿದದ್ದಕ್ಕಿಂತ ದೊಡ್ಡದಾಗಿದೆ ಎಂದು ಇದಲೀನಾಗೆ ಅನ್ನಿಸಿತು. ಹೀಗೆ ನೋಡಿ ಎಷ್ಟು ಕಾಲವಾಗಿತ್ತು.

ಕಾಲುವೆಯ ತಿರುವು ಬಂತು. ಸೆರಫಿಮ್ ವೇಗ ತಗ್ಗಿಸಿದ. ಅವನ ಕಾಲು ತಾನಾಗಿಯೇ ಬ್ರೇಕನ್ನು ಎರಡು ಸಲ ಮುಟ್ಟಿತು. ಗಾಡಿ ಎರಡು ಸಲ ಸಣ್ಣಗೆ ತಡವರಿಸಿತು. ಹಿಂದೆ ಯಾರೂ ಇರಲಿಲ್ಲ.

ಇದಲೀನಾ ಮುಂದಿನ ಮಂಜನ್ನೇ ನೋಡುತ್ತಾ ತನ್ನ ಕೈಯನ್ನು ಅವನ ಮಂಡಿಯ ಮೇಲಿಟ್ಟಳು.

"ಇದ್ದೀನಿ," ಎಂದಳು.